ರಾತ್ರಿ ಒಂಬತ್ತರ ಪಾಳಿ: ಅಂಗವಿಕಲರ ಸರ್ಕಾರಿ ನೆರವು ಮತ್ತು ಅವರ ಖಾಸಗಿ ಬದುಕು

ರಾತ್ರಿಪಾಳಿ (ಮೆಲ್ಬರ್ನ್):

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಮೆಲ್ಬರ್ನ್‌ನಲ್ಲಿ ಏಳು ವರ್ಷದಿಂದ ಅಂಗವಿಕಲರ ಆರೈಕೆ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ನಮ್ಮನ್ನು ಸಪೋರ್ಟ್ ವರ್ಕರ್ ಅಂತಾರೆ. ಇದನ್ನು ಬರೆಯಲೋ ಬೇಡವೋ ಅಂತ ತಿಂಗಳುಗಟ್ಟಲೆ ಯೋಚನೆ ಮಾಡಿದೆ. ನಮ್ಮವರ ನಡುವೆ ಈ ವಿಷಯವನ್ನು ಯಾರೂ ಎತ್ತಲ್ಲ. ಆದರೆ ಈ ಕೆಲಸದಲ್ಲಿ ಈಗ ಕನ್ನಡದವರೂ ಇದ್ದೀವಿ, ನಾವು ಬಾಯಿ ಮುಚ್ಚಿಕೊಂಡು ಕೂತರೆ ತಪ್ಪಾಗುತ್ತೆ ಅನ್ನಿಸಿತು.

ನಾನು ಹೋಗುವ ಒಂದು ಮನೆಯಲ್ಲಿ ನಾಲ್ಕು ಜನ ಇದ್ದಾರೆ. ಒಬ್ಬರಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರಲ್ಲ. ಮಾತು ಬರಲ್ಲ, ಅಕ್ಷರದ ಹಲಗೆ ಮೇಲೆ ಒಂದೊಂದೇ ಅಕ್ಷರ ತೋರಿಸಿ ಮಾತಾಡುತ್ತಾರೆ. ಅವರಿಗೊಬ್ಬ ಗೆಳತಿ ಇದ್ದಾರೆ. ಆಕೆಯೂ ವೀಲ್‌ಚೇರ್‌ನಲ್ಲೇ ಇರುವವರು, ಊರಿನ ಇನ್ನೊಂದು ತುದಿಯಲ್ಲಿ ಇಂಥದ್ದೇ ಮನೆಯಲ್ಲಿ ವಾಸ. ಹನ್ನೊಂದು ವರ್ಷದ ಪ್ರೀತಿ ಅದು. ಶನಿವಾರ ಮಧ್ಯಾಹ್ನ ಆಕೆ ಬರುತ್ತಾರೆ. ಬ್ಯಾಟರಿಯಲ್ಲಿ ಓಡುವ ಎರಡು ಪವರ್ ಚೇರ್ ಪಕ್ಕ ಪಕ್ಕ ನಿಲ್ಲಿಸಿದರೆ ನಡುವೆ ಕುರ್ಚಿ ನಡೆಸುವ ಜಾಯ್‌ಸ್ಟಿಕ್ ಅಡ್ಡ ಬರುತ್ತೆ. ಅದನ್ನು ನಾನು ಆಚೆಗೆ ತಿರುಗಿಸಿ, ಕೈ ಇಡುವ ಪಟ್ಟಿಯನ್ನು ಮೇಲಕ್ಕೆತ್ತಿ ಕೊಡಬೇಕು. ಆಮೇಲೆ ಇವರ ಕೈ ಆಕೆಯ ಕೈಗೆ ತಾಗುತ್ತೆ. ಅಷ್ಟಕ್ಕೇ ಇಬ್ಬರ ಮುಖ ಹೇಗೆ ಅರಳುತ್ತೆ ಅಂತೀರಿ!

ಸಂಜೆ ಐದೂವರೆಗೆ ಆಕೆ ಹೊರಡಲೇಬೇಕು. ಆಕೆಯ ಮನೆಯಲ್ಲಿ ಮಲಗಿಸುವ ಪಾಳಿ ರಾತ್ರಿ 9ಕ್ಕೆ ಮುಗಿಯುತ್ತೆ. ಅಷ್ಟರೊಳಗೆ ಊಟ, ಮಾತ್ರೆ, ಸ್ನಾನ ಮುಗಿದು, ಹಾಯ್ಸ್ಟ್ ಅನ್ನೋ ಎತ್ತುವ ಯಂತ್ರದಲ್ಲಿ ಎತ್ತಿ ಹಾಸಿಗೆಗೆ ಇಳಿಸಿ ಆಗಿರಬೇಕು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ರಾತ್ರಿ ಇವರು ಒಟ್ಟಿಗೆ ಕಳೆದಿಲ್ಲ. ಹೋದ ತಿಂಗಳು ಅವರು ಮನೆ ನಡೆಸುವ ಸಂಸ್ಥೆಯವರನ್ನು ಕೇಳಿಯೇಬಿಟ್ಟರು. "ಅದು ನಿಮ್ಮ ಪ್ಲಾನ್‌ನಲ್ಲಿ ಇಲ್ಲ" ಅಂತ ಉತ್ತರ ಬಂತು. ಅವರು ಹಲಗೆ ಮೇಲೆ ಬೆರಳಿಟ್ಟು ಹೇಳಿದ್ದು ಇಷ್ಟೇ: ನನಗೆ 38 ವರ್ಷ. ಅಷ್ಟು ಹೇಳಲು ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷ ನನಗೆ ಮರೆಯೋಕೆ ಆಗ್ತಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಲ್ಲಿ 2013ರ ಕಾಯ್ದೆಯಿಂದ ಎನ್‌ಡಿಐಎಸ್ ಎಂಬ ರಾಷ್ಟ್ರೀಯ ಅಂಗವಿಕಲರ ವಿಮಾ ಯೋಜನೆ ಬಂತು. ಆರು ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ಒಬ್ಬೊಬ್ಬರಿಗೂ ಒಂದು ಪ್ಲಾನ್, ಆ ಪ್ಲಾನ್‌ನಲ್ಲಿ ಹಣ. ನೆರವು "ನ್ಯಾಯಯುತ ಮತ್ತು ಅಗತ್ಯ" ಆಗಿರಬೇಕು ಅನ್ನೋದು ಕಾಯ್ದೆಯ ಅಳತೆಗೋಲು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆ ಇದ್ದ, ನಲವತ್ತು ದಾಟಿದ ಒಬ್ಬ ಮಹಿಳೆ ತರಬೇತಿ ಪಡೆದ ಲೈಂಗಿಕ ಥೆರಪಿಸ್ಟ್ ನೆರವು ಬೇಕು ಅಂತ ಕೇಳಿದರು. ಆಕೆಯ ಹೆಸರು ಎಲ್ಲೂ ಬಂದಿಲ್ಲ, ದಾಖಲೆಯಲ್ಲಿ ನಾಲ್ಕು ಅಕ್ಷರ ಅಷ್ಟೇ: ಡಬ್ಲ್ಯು ಆರ್ ಎಂ ಎಫ್. ಯೋಜನೆ ನಡೆಸುವ ಸರ್ಕಾರಿ ಏಜೆನ್ಸಿ ಕೊಡಲ್ಲ ಅಂದಿತು. 2019ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆಕೆಯ ಪರ ಹೇಳಿತು. ಏಜೆನ್ಸಿ ಸುಮ್ಮನಾಗದೆ ಫೆಡರಲ್ ಕೋರ್ಟ್‌ಗೆ ಹೋಯಿತು. 2020ರ ಮೇ ತಿಂಗಳಲ್ಲಿ ಪೂರ್ಣ ಪೀಠದ ಮುಂದೆಯೂ ಸೋತಿತು. ಕೊನೆಗೆ 2024ರಲ್ಲಿ ಸರ್ಕಾರ ಕಾಯ್ದೆಯನ್ನೇ ತಿದ್ದಿತು. ಆ ಅಕ್ಟೋಬರ್ 3ರಿಂದ ಏನು ಕೊಡಬಹುದು, ಏನು ಕೊಡಬಾರದು ಅಂತ ಪಟ್ಟಿ ಇದೆ. ಲೈಂಗಿಕ ಸೇವೆ ಕೊಡಬಾರದ ಪಟ್ಟಿಯಲ್ಲಿದೆ.

ನಿಮ್ಮೆಲ್ಲರ ಅಭಿಪ್ರಾಯ ಬೇಕು. ಒಬ್ಬರ ಇಡೀ ದಿನ ಸರ್ಕಾರದ ಹಣದ ಮೇಲೆ ನಡೆಯುತ್ತಿದ್ದರೆ, ಯಾವಾಗ ಏಳಬೇಕು, ಯಾವಾಗ ಮಲಗಬೇಕು, ಹಾಸಿಗೆ ಎಷ್ಟು ಅಗಲ ಇರಬೇಕು ಅನ್ನೋದೆಲ್ಲ ಆ ಹಣವೇ ನಿರ್ಧರಿಸುತ್ತೆ. ಹಾಗಿರುವಾಗ "ನಿಮ್ಮ ಪ್ರೀತಿ ನಿಮ್ಮ ಖಾಸಗಿ ವಿಷಯ, ನಮಗೆ ಸಂಬಂಧ ಇಲ್ಲ" ಅನ್ನೋಕೆ ಬರುತ್ತಾ?

ಲೆಕ್ಕಪತ್ರ (ಸಿಡ್ನಿ):

ಅಕ್ಕ, ನಿಮ್ಮ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ನಾನು ಒಪ್ಪಲ್ಲ, ನೇರವಾಗಿ ಹೇಳಿಬಿಡುತ್ತೇನೆ. ಈ ಯೋಜನೆಯ ಖರ್ಚು ವರ್ಷಕ್ಕೆ 4,000 ಕೋಟಿ ಡಾಲರ್ ದಾಟಿದೆ. ಬೆಳವಣಿಗೆಯನ್ನು ವರ್ಷಕ್ಕೆ ಶೇ. 8ಕ್ಕೆ ಇಳಿಸಬೇಕು ಅಂತ 2023ರಲ್ಲೇ ಕೇಂದ್ರ, ರಾಜ್ಯ ಸರ್ಕಾರಗಳು ಸೇರಿ ಗುರಿ ಹಾಕಿಕೊಂಡಿವೆ. ನನ್ನ ಗೆಳೆಯನ ಮಗನಿಗೆ ಆಟಿಸಂ. ಅವನ ಸ್ಪೀಚ್ ಥೆರಪಿ ಗಂಟೆ ಕಡಿತ ಆಯ್ತು. ಆ ಮನೆಯ ಗೋಳು ನಾನು ಕಣ್ಣಾರೆ ನೋಡುತ್ತಿದ್ದೇನೆ. ಮಗುವಿನ ಮಾತಿಗೆ ದುಡ್ಡಿಲ್ಲ ಅಂದಾಗ ಲೈಂಗಿಕ ಸೇವೆಗೆ ಕೊಡಿ ಅಂದರೆ ಯಾವ ತೆರಿಗೆದಾರ ಒಪ್ಪುತ್ತಾನೆ? ಒಂಟಿತನ ಎಲ್ಲರಿಗೂ ಇದೆ. ಸಂಗಾತಿ ಸಿಗದವರು ನಮ್ಮಲ್ಲೂ ಎಷ್ಟು ಜನ ಇಲ್ಲ? ಅದು ಹಕ್ಕಲ್ಲ, ಅದೃಷ್ಟ.

ರಾತ್ರಿಪಾಳಿ (ಮೆಲ್ಬರ್ನ್):

ತಮ್ಮಾ, ಆ ಹುಡುಗನ ಗಂಟೆ ಕಡಿತ ಆಗಿದ್ದಕ್ಕೆ ನನಗೂ ಸಂಕಟ ಆಗುತ್ತೆ. ಅದು ಆಗಬಾರದಿತ್ತು. ಆದರೆ ನಾನು ಹೇಳಿದ ಇಬ್ಬರಿಗೂ ಸಂಗಾತಿ ಸಿಕ್ಕಿ ಹನ್ನೊಂದು ವರ್ಷ ಆಗಿದೆ, ಅಲ್ವಾ? ಅದೃಷ್ಟ ಅವರ ಪಾಲಿಗೆ ಬಂದಾಗಿದೆ. ಅಡ್ಡ ನಿಂತಿರೋದು ಪಾಳಿಯ ಪಟ್ಟಿ. ಅವರು ಕೇಳಿದ್ದು ವಾರಕ್ಕೆ ಒಂದು ರಾತ್ರಿ ಆಕೆಯ ಸಪೋರ್ಟ್ ವರ್ಕರ್ ಆ ಮನೆಗೆ ಹೋಗುವ ಬದಲು ಈ ಮನೆಗೆ ಬರಲಿ ಅಂತ. ಅದೇ ಕೆಲಸ, ಬೇರೆ ವಿಳಾಸ. ಜೊತೆಗೆ ಇಬ್ಬರು ಮಲಗುವಷ್ಟು ಅಗಲದ, ಏರಿಳಿಸುವ ಹಾಸಿಗೆ. ಈಗಿರೋದು ಆಸ್ಪತ್ರೆಯಲ್ಲಿರುವಂಥ ಒಂಟಿ ಮಂಚ, ಎರಡೂ ಕಡೆ ಕಂಬಿ. ಮೊದಲ ಪ್ಲಾನ್ ಬರೆದಾಗ ಇವರ ಪಕ್ಕದಲ್ಲಿ ಇನ್ನೊಬ್ಬರು ಮಲಗಬಹುದು ಅಂತ ಯಾರ ತಲೆಗೂ ಬಂದಿಲ್ಲ.

ನನ್ನ ಸಿಟ್ಟು ಇರೋದೇ ಅಲ್ಲಿ. ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ವೇಶ್ಯಾವಾಟಿಕೆ ಅಂತ ಶುರು ಮಾಡುತ್ತಾರೆ. ಪತ್ರಿಕೆಗಳೂ ಹಾಗೆ, ಮಂತ್ರಿಗಳೂ ಹಾಗೆ. ಆ ಗಲಾಟೆಯಲ್ಲಿ ಹಾಸಿಗೆಯ ಅಗಲ, ಬಾಗಿಲ ಚಿಲಕ, ಕದ ತಟ್ಟಿ ಒಳಗೆ ಬರುವ ಅಭ್ಯಾಸ ಇವ್ಯಾವುದೂ ಯಾರಿಗೂ ಕೇಳಿಸಲ್ಲ.

ಕಾನೂನು ಓದು (ಬೆಂಗಳೂರು):

ವಕೀಲಿ ಓದುವಾಗ ಡಬ್ಲ್ಯು ಆರ್ ಎಂ ಎಫ್ ಪ್ರಕರಣ ನೋಡಿದ್ದೆ, ಹಾಗಾಗಿ ಎರಡು ಮಾತು ಸೇರಿಸುತ್ತೇನೆ. ಫೆಡರಲ್ ಕೋರ್ಟ್ "ಎಲ್ಲರಿಗೂ ಕೊಡಿ" ಅಂತ ಹೇಳಲಿಲ್ಲ. ಕಾಯ್ದೆಯ ಮಾತುಗಳು ಇಂಥ ನೆರವನ್ನು ಹೊರಗಿಡುವುದಿಲ್ಲ, ಆ ವ್ಯಕ್ತಿಗೆ ಅದು ನ್ಯಾಯಯುತವೋ ಅಗತ್ಯವೋ ನೋಡಬೇಕು ಅಂದಿತು. 2024ರ ಪಟ್ಟಿ ಬಂದ ಮೇಲೆ ನೋಡುವ ಪ್ರಶ್ನೆಯೇ ಇಲ್ಲ, ಬಾಗಿಲು ಮುಚ್ಚಿತು.

ಇಂಗ್ಲೆಂಡ್‌ನ ಪ್ರಕರಣ ಇನ್ನೂ ಗಟ್ಟಿ. ಮಾನಸಿಕ ತೊಂದರೆ ಇರುವ 27 ವರ್ಷದ ಒಬ್ಬ ವ್ಯಕ್ತಿ, ತನ್ನದೇ ಹಣದಲ್ಲಿ ಲೈಂಗಿಕ ಕಾರ್ಯಕರ್ತೆಯನ್ನು ಭೇಟಿಯಾಗಬೇಕು, ಅದಕ್ಕೆ ಆರೈಕೆದಾರರು ವ್ಯವಸ್ಥೆ ಮಾಡಿಕೊಡಲಿ ಅಂತ ಬಯಸಿದರು. ಅಲ್ಲಿ ಹಣ ಕೊಟ್ಟು ಆ ಸೇವೆ ಪಡೆಯುವುದು ಅಪರಾಧ ಅಲ್ಲ. ಆದರೂ 2021ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ಕೋರ್ಟ್, 2003ರ ಲೈಂಗಿಕ ಅಪರಾಧ ಕಾಯ್ದೆಯ ಪ್ರಕಾರ ಅದನ್ನು ಏರ್ಪಾಡು ಮಾಡಿದ ಆರೈಕೆದಾರರು ತಪ್ಪಿತಸ್ಥರಾಗುತ್ತಾರೆ ಅಂದಿತು. ಅಂದರೆ ಬೇರೆಯವರು ತಾವೇ ಫೋನ್ ಎತ್ತಿ ಮಾಡಬಹುದಾದ್ದನ್ನು, ಅದಕ್ಕೆ ಆರೈಕೆದಾರರ ನೆರವು ಬೇಕಾದ ಇಂಥವರು ಮಾಡುವಂತಿಲ್ಲ. ಆ ಕಾಯ್ದೆ ಮಾಡಿದ್ದು ಮಾನಸಿಕ ತೊಂದರೆ ಇರುವವರನ್ನು ಆರೈಕೆದಾರರು ದುರುಪಯೋಗ ಮಾಡದಿರಲಿ ಅಂತ. ಉದ್ದೇಶ ಒಳ್ಳೆಯದೇ. ಆದರೆ ಅದರ ಭಾರ ಬಿದ್ದಿದ್ದು ಯಾರ ಮೇಲೆ ನೋಡಿ.

ಸಿಡ್ನಿಯವರಿಗೆ ಒಂದು ಮಾತು. ನಿಮ್ಮ ರಾಜ್ಯದಲ್ಲಿ 1995ರಿಂದ ಲೈಂಗಿಕ ವೃತ್ತಿ ಅಪರಾಧ ಅಲ್ಲ. ಅಂಗವಿಕಲರಿಗೂ ಲೈಂಗಿಕ ಕಾರ್ಯಕರ್ತರಿಗೂ ಸಂಪರ್ಕ ಕೊಡುವ ಟಚಿಂಗ್ ಬೇಸ್ ಅನ್ನೋ ಸಂಸ್ಥೆ ನಿಮ್ಮೂರಿನಲ್ಲೇ 2000ದಿಂದ ಇದೆ.

ಹೊಸಬ (ಅಡಿಲೇಡ್):

ನಾನು ಓದುತ್ತಾ ವಾರಕ್ಕೆ ಎರಡು ದಿನ ಇದೇ ಕೆಲಸ ಮಾಡುತ್ತೇನೆ. ನನ್ನ ಪ್ರಶ್ನೆ ಬೇರೆ. ಕೆಲಸಗಾರರ ಗತಿ ಏನು? ನನ್ನ ಜೊತೆಯ ಒಬ್ಬ ಹುಡುಗಿಗೆ ಒಬ್ಬ ಕ್ಲೈಂಟ್ ಕೆಟ್ಟದಾಗಿ ಮಾತಾಡಿದ್ದರು. ಅವಳು ಅತ್ತುಕೊಂಡು ಮನೆಗೆ ಹೋದಳು. ಹಕ್ಕು ಹಕ್ಕು ಅಂತ ಕೊನೆಗೆ ಅದು ನಮ್ಮ ತಲೆಗೆ ಬರಲ್ವಾ?

ರಾತ್ರಿಪಾಳಿ (ಮೆಲ್ಬರ್ನ್):

ಬರಬಾರದು ಕಣಪ್ಪಾ. ಬಂದರೆ ನಿಲ್ಲಿಸಬೇಕು. ಆ ಹುಡುಗಿ ಬರವಣಿಗೆಯಲ್ಲಿ ದೂರು ಕೊಡಲಿ, ಆ ಮನೆಗೆ ಒಬ್ಬಳೇ ಹೋಗೋದು ಬೇಡ. ನಮ್ಮ ಕೆಲಸದ ಗಡಿ ನನಗೆ ಸ್ಪಷ್ಟ ಇದೆ. ಬಟ್ಟೆ ಬದಲಿಸಿ, ಹಾಯ್ಸ್ಟ್‌ನಲ್ಲಿ ಇಳಿಸಿ, ದಿಂಬು ಸರಿ ಮಾಡಿ, ಕರೆಗಂಟೆ ಕೈಗೆ ಸಿಗುವ ಹಾಗೆ ಇಟ್ಟು, ಬಾಗಿಲು ಹಾಕಿಕೊಂಡು ಆಚೆ ಬರಬೇಕು. ಅದರ ಮುಂದಿನದು ನಮ್ಮದಲ್ಲ. ಡಬ್ಲ್ಯು ಆರ್ ಎಂ ಎಫ್ ಪ್ರಕರಣದ ಮಹಿಳೆ ತರಬೇತಿ ಇರುವ ಬೇರೆ ವ್ಯಕ್ತಿಯನ್ನು ಕೇಳಿದ್ದರಲ್ಲಿ ಅದೇ ನ್ಯಾಯ ಇದೆ. ಕೆಲಸ ಗೊತ್ತಿರುವವರು ಬಂದು, ಗೊತ್ತುಗುರಿ ಇಟ್ಟುಕೊಂಡು ಮಾಡಿದರೆ ನಿನ್ನ ಗೆಳತಿಯಂಥ ಹುಡುಗಿಯರ ಮೇಲೆ ಒತ್ತಡ ಬೀಳಲ್ಲ. ಎಲ್ಲವನ್ನೂ ಮುಚ್ಚಿಟ್ಟ ಮನೆಗಳಲ್ಲೇ ಗಡಿ ದಾಟೋದು ಜಾಸ್ತಿ. ನಾನು ಕಂಡಿದ್ದು ಇದು.

ಮಲ್ಲಿಗೆ ಬಳ್ಳಿ (ಮೈಸೂರು):

ಮೂರು ದಿನದಿಂದ ಓದುತ್ತಿದ್ದೇನೆ, ಬರೆಯಲು ಧೈರ್ಯ ಬರಲಿಲ್ಲ. ನನ್ನ ಮಗಳಿಗೆ 24 ವರ್ಷ. ಬುದ್ಧಿ ಬೆಳವಣಿಗೆ ನಿಧಾನ. ಹತ್ತು ವರ್ಷದ ಮಗುವಿನ ಹಾಗೆ ಅಂತ ಡಾಕ್ಟರ್ ಹೇಳುತ್ತಿದ್ದರು. ಅವಳು ದೊಡ್ಡವಳಾದ ವರ್ಷವೇ ಒಬ್ಬ ಡಾಕ್ಟರ್ "ಗರ್ಭಕೋಶ ತೆಗೆಸಿಬಿಡಿ ಅಮ್ಮ, ನಿಮಗೂ ತಲೆನೋವು ತಪ್ಪುತ್ತೆ" ಅಂದರು. ಬೆಡ್‌ಶೀಟ್ ತೆಗೆಸುವಷ್ಟು ಸುಲಭವಾಗಿ ಹೇಳಿದರು. ನಮ್ಮ ಯಜಮಾನರು ಅರ್ಧ ಒಪ್ಪಿದ್ದರು. ನಾನು ಒಪ್ಪಲಿಲ್ಲ.

ಆದರೆ ನಿಮ್ಮ ಚರ್ಚೆ ಓದಿದರೆ ಭಯ ಆಗುತ್ತೆ. ಹಕ್ಕು ಅಂತ ಬಾಗಿಲು ತೆರೆದರೆ ಮೊದಲು ಒಳಗೆ ಬರುವವನು ಒಳ್ಳೆಯವನೇ ಆಗಿರುತ್ತಾನಾ? ಪಕ್ಕದ ಬೀದಿಗೆ ಅವಳನ್ನು ಒಬ್ಬಳೇ ಕಳಿಸಲು ನನಗೆ ಆಗಲ್ಲ. ಹೋದ ವರ್ಷ ಟೀವಿಯಲ್ಲಿ ಮದುವೆ ನೋಡಿ "ನಂಗೂ" ಅಂದಳು. ನಾನು ಎದ್ದು ಅಡುಗೆ ಮನೆಗೆ ಹೋಗಿಬಿಟ್ಟೆ.

ಕಾನೂನು ಓದು (ಬೆಂಗಳೂರು):

ಅಮ್ಮಾ, ನೀವು ಒಪ್ಪದೇ ಇದ್ದದ್ದು ಎಷ್ಟು ದೊಡ್ಡ ವಿಷಯ ಗೊತ್ತಾ? 1994ರಲ್ಲಿ ಪುಣೆ ಹತ್ತಿರದ ಶಿರೂರಿನ ಸರ್ಕಾರಿ ವಸತಿಗೃಹದ ಹೆಣ್ಣುಮಕ್ಕಳಿಗೆ, ಮುಟ್ಟಿನ ಸ್ವಚ್ಛತೆಯ ನೆಪ ಹೇಳಿ ಗರ್ಭಕೋಶ ತೆಗೆಸಿದ್ದರು. ದೇಶವೆಲ್ಲ ಆ ಸುದ್ದಿ ಆಯಿತು. ಈಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಸಂತಾನಶಕ್ತಿ ಕಳೆಯುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ ಅನ್ನುತ್ತೆ.

ನಿಮ್ಮ ಭಯ ಸುಳ್ಳಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್‌ಗೆ ಬಂದ ಚಂಡೀಗಢದ ಪ್ರಕರಣದ ಯುವತಿ ಸರ್ಕಾರಿ ಆಶ್ರಯದಲ್ಲೇ ಇದ್ದರು, ಅಲ್ಲೇ ಅತ್ಯಾಚಾರ ಆಗಿ ಗರ್ಭಿಣಿಯಾದರು. ಅವರನ್ನು ಯಾವ ಗೋಡೆಯೂ ಕಾಯಲಿಲ್ಲ. ಹೈಕೋರ್ಟ್ ಗರ್ಭಪಾತ ಮಾಡಿಸಿ ಅಂದಿತ್ತು. ಮಗು ಬೇಕು ಅಂತ ಆಕೆ ಹೇಳಿದರು. ಸುಪ್ರೀಂ ಕೋರ್ಟ್ ಆಕೆಯ ಮಾತನ್ನು ಕೇಳಿತು.

ರಾತ್ರಿಪಾಳಿ (ಮೆಲ್ಬರ್ನ್):

ಅಮ್ಮಾ, ನಾನೂ ಒಬ್ಬ ಮಗಳ ತಾಯಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಅಡುಗೆ ಮನೆಗೇ ಹೋಗುತ್ತಿದ್ದೆನೇನೋ. ಆದರೆ ಕೆಲಸದಲ್ಲಿ ಕಲಿತ ಒಂದು ವಿಷಯ ಹೇಳುತ್ತೇನೆ. ತನ್ನ ಮೈಯ ಭಾಗಗಳ ಹೆಸರು ಗೊತ್ತಿಲ್ಲದ ಹುಡುಗಿ ಯಾರು ಎಲ್ಲಿ ಮುಟ್ಟಿದರು ಅಂತ ಹೇಗೆ ಹೇಳುತ್ತಾಳೆ? "ಬೇಡ" ಅನ್ನೋದನ್ನು ಅವಳಿಗೆ ಕಲಿಸಬೇಕಾದರೆ "ಬೇಕು" ಅನ್ನೋದೂ ಇದೆ ಅಂತ ಒಪ್ಪಿಕೊಳ್ಳಬೇಕಾಗುತ್ತೆ. ಇಲ್ಲಿ ಚಿತ್ರ ಇರುವ ಕಾರ್ಡ್‌ಗಳಲ್ಲಿ ಕಲಿಸುತ್ತೇವೆ. ಇವರು ಸ್ನೇಹಿತರು, ಇವರು ಕೆಲಸದವರು, ಇವರಿಗೆ ಕೈ ಕುಲುಕಬಹುದು, ಇವರನ್ನು ತಬ್ಬಿಕೊಳ್ಳಬಹುದು. ನಿಧಾನವಾಗಿ, ಹತ್ತು ಸಲ, ನೂರು ಸಲ. ನಿಮಗೆ ಬೇಕಿದ್ದರೆ ಕನ್ನಡದಲ್ಲಿ ಅಂಥ ಕಾರ್ಡ್ ನಾನೇ ಬರೆದು ಕಳಿಸುತ್ತೇನೆ.

ಗಾಲಿಕುರ್ಚಿ (ಧಾರವಾಡ):

ನೋಡ್ರಿ, ಇಲ್ಲಿ ತನಕ ಅಂಗವಿಕಲರ ಬಗ್ಗೆ ಮಾತಾಡಿದಿರಿ. ಈಗ ಅಂಗವಿಕಲನೇ ಬಂದೀನಿ.

26ನೇ ವಯಸ್ಸಿನಲ್ಲಿ ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ಪರ್ಶ ಇಲ್ಲ. ಮದುವೆಯಾಗಿ ಎರಡು ವರ್ಷ ಆಗಿತ್ತು. ಆಸ್ಪತ್ರೆಯಲ್ಲಿ ಮೂರು ತಿಂಗಳು ಇದ್ದೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದು, ಹಾಸಿಗೆ ಹುಣ್ಣು ಆಗದ ಹಾಗೆ ನೋಡಿಕೊಳ್ಳುವುದು, ಮೂತ್ರ ತೆಗೆಯುವ ನಳಿಕೆ (ಕ್ಯಾಥೆಟರ್) ಹಾಕುವುದು, ಎಲ್ಲ ಕಲಿಸಿದರು. ನನ್ನ ಹೆಂಡತಿಗೂ ಕಲಿಸಿದರು. ಆದರೆ ಗಂಡ ಹೆಂಡತಿ ಇನ್ನು ಹೇಗಿರಬೇಕು ಅಂತ ಒಬ್ಬರೂ ಒಂದು ಮಾತು ಆಡಲಿಲ್ಲ. ಕೇಳಲು ನನಗೆ ನಾಚಿಕೆ, ಹೇಳಲು ಅವರಿಗೆ ಮುಜುಗರ. ಮನೆಗೆ ಬಂದ ಮೇಲೆ ಒಂದು ವರ್ಷ ಅವಳು ನನ್ನನ್ನು ಮುಟ್ಟಿದ್ದೆಲ್ಲ ನರ್ಸ್ ಮುಟ್ಟುವ ಹಾಗೆ. ಮುಟ್ಟಿದರೆ ನನಗೆ ಇನ್ನಷ್ಟು ಪೆಟ್ಟಾಗುತ್ತೆ ಅಂತ ಅವಳ ಭಯ. ಅವಳಿಗೆ ನಾನು ಬೇಡವಾದೆ ಅಂತ ನನ್ನ ಸಂಕಟ. ಒಂದೇ ಕೋಣೆಯಲ್ಲಿ ಇಬ್ಬರೂ ಬೇರೆ ಬೇರೆ ಅಳುತ್ತಿದ್ದೆವು.

ಆಮೇಲೆ ಒಂದು ಶಿಬಿರದಲ್ಲಿ ನನ್ನ ಹಾಗೇ ಬೆನ್ನುಹುರಿ ಪೆಟ್ಟಾದ ಹಿರಿಯರೊಬ್ಬರು ಸಿಕ್ಕರು. ಊಟ ಆದ ಮೇಲೆ ಮರದ ನೆರಳಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದರು. ಮೊದಲು ಮೂತ್ರ ಖಾಲಿ ಮಾಡಿಕೋ, ದಿಂಬು ಇಲ್ಲಿ ಇಡು, ಯಾವ ಮಾತ್ರೆ ಆಗುತ್ತೆ ಅಂತ ಡಾಕ್ಟರ್ ಹತ್ತಿರ ಕೇಳು, ಹೆಂಡತಿ ಜೊತೆ ಮೊದಲು ಮಾತಾಡು, ಕುತ್ತಿಗೆ ಕಿವಿ ಹತ್ತಿರ ಸ್ಪರ್ಶ ಈಗ ಹೆಚ್ಚು ಗೊತ್ತಾಗುತ್ತೆ ನೋಡು ಅಂದರು. ಅವರ ಹೆಂಡತಿ ಅಲ್ಲೇ ದೂರದಲ್ಲಿ ನನ್ನವಳ ಹತ್ತಿರ ಮಾತಾಡುತ್ತಿದ್ದರು. ಅರ್ಧ ಗಂಟೆ ಅಷ್ಟೇ. ಸರ್ಕಾರಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಸಿಕ್ಕಿದ್ದರೆ ನಮ್ಮ ಆ ಒಂದು ವರ್ಷ ಉಳಿಯುತ್ತಿತ್ತು.

ಇನ್ನೊಂದು ಮಾತು. ನಮ್ಮ ಕರ್ನಾಟಕದಲ್ಲಿ ಅಂಗವಿಕಲರನ್ನು ಮದುವೆಯಾಗುವವರಿಗೆ 50,000 ರೂಪಾಯಿ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ. ಬಡವರಿಗೆ ಆ ಹಣ ಉಪಯೋಗ ಆಗುತ್ತೆ, ಬೇಡ ಅನ್ನಲ್ಲ. ಆದರೆ ನಮ್ಮನ್ನು ಮದುವೆಯಾಗಲು ಪ್ರೋತ್ಸಾಹ ಬೇಕು ಅಂತ ಸರ್ಕಾರವೇ ಕಾಗದದಲ್ಲಿ ಬರೆದ ಹಾಗಾಯಿತಲ್ರಿ. ಅದೇ ಹಣವನ್ನು ಆ ಜೋಡಿಯ ಮನೆಗೆ ಇಳಿಜಾರು, ಅಗಲ ಬಾಗಿಲು, ಕಮೋಡ್ ಮಾಡಿಸಲು ಅಂತ ಕೊಡಿ. ಹಣ ಅದೇ, ಸಿಗುವ ಮರ್ಯಾದೆ ಬೇರೆ.

ಲೆಕ್ಕಪತ್ರ (ಸಿಡ್ನಿ):

ಸರ್, ನಿಮ್ಮ ಬರಹ ಎರಡು ಸಲ ಓದಿದೆ. ಏನು ಹೇಳಬೇಕೋ ಗೊತ್ತಾಗ್ತಿಲ್ಲ.

ನದಿಯಾಚೆ (ನ್ಯೂಜೆರ್ಸಿ):

ಅಮೆರಿಕದ ಕಥೆಯನ್ನೂ ಹೇಳುತ್ತೇನೆ, ಇಲ್ಲಿ ಹಣವೇ ಮದುವೆ ತಡೆಯುತ್ತೆ. ನನ್ನ ತಮ್ಮನಿಗೆ ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯುಗಳು ಕ್ಷೀಣಿಸುವ ಕಾಯಿಲೆ. ಎಸ್‌ಎಸ್‌ಐ ಅನ್ನೋ, ಆದಾಯ ಕಡಿಮೆ ಇರುವ ಅಂಗವಿಕಲರಿಗೆ ಸರ್ಕಾರ ಕೊಡುವ ಮಾಸಾಶನ ಬರುತ್ತೆ. ಅವನು ಪ್ರೀತಿಸುವ ಹುಡುಗಿಗೂ ಅದೇ ಬರುತ್ತೆ. 2025ರ ಲೆಕ್ಕದಲ್ಲಿ ಒಬ್ಬರಿಗೆ ಗರಿಷ್ಠ 967 ಡಾಲರ್. ಇಬ್ಬರೂ ಬೇರೆ ಬೇರೆ ಇದ್ದರೆ ಒಟ್ಟು 1,934. ಮದುವೆಯಾದ ಮೇಲೆ ಇಬ್ಬರಿಗೂ ಸೇರಿ 1,450. ತಿಂಗಳಿಗೆ 484 ಡಾಲರ್ ಹೋಯಿತು. ಉಳಿತಾಯದ ಮಿತಿ ಒಬ್ಬರಿಗೆ 2,000 ಡಾಲರ್, ದಂಪತಿಗೆ 4,000 ಇರಬೇಕಲ್ವಾ? ಇಲ್ಲ, 3,000. ಈ ಮಿತಿ 1989ರಿಂದ ಬದಲಾಗಿಲ್ಲ. ಮದುವೆಯಾಗದೆ ಒಟ್ಟಿಗೆ ಇರೋಣ ಅಂದರೂ, ಊರಿಗೆಲ್ಲ ಗಂಡ ಹೆಂಡತಿ ಅಂತ ಹೇಳಿಕೊಂಡರೆ ದಂಪತಿ ಅಂತಲೇ ಲೆಕ್ಕ ಹಾಕಬಹುದು. ಇಂಥವರು ಮಾಸಾಶನ ಇಲ್ಲದ ಸಂಗಾತಿಯನ್ನು ಮದುವೆಯಾದರೆ ಆ ಸಂಗಾತಿಯ ಸಂಬಳ ಲೆಕ್ಕಕ್ಕೆ ಬರುತ್ತೆ, ಮಾಸಾಶನವೇ ನಿಂತುಹೋಗಬಹುದು.

ಅಮ್ಮ ನಾಲ್ಕು ವರ್ಷದ ಹಿಂದೆ ಬೆಂಗಳೂರಿಗೆ ಹೋದಾಗ ಮಾಂಗಲ್ಯ ಮಾಡಿಸಿಕೊಂಡು ಬಂದಳು. ಅದು ಬೀರುವಿನಲ್ಲಿ ಹತ್ತಿ ಸುತ್ತಿ ಇಟ್ಟ ಡಬ್ಬಿಯಲ್ಲೇ ಇದೆ. ದೇವಸ್ಥಾನದಲ್ಲಿ ಅರ್ಚನೆಗೆ ಹೆಸರು ಕೇಳಿದಾಗ ಇಬ್ಬರೂ ಬೇರೆ ಬೇರೆ ಚೀಟಿ ಬರೆಸುತ್ತಾರೆ. ಪ್ರತಿ ಸಲ ಅಮ್ಮ ಆಚೆ ಮುಖ ತಿರುಗಿಸುತ್ತಾಳೆ.

ಲೆಕ್ಕಪತ್ರ (ಸಿಡ್ನಿ):

ಲೆಕ್ಕ ನನ್ನ ಕಸುಬು. 484 ಡಾಲರ್ ನೋಡಿ ಸಿಟ್ಟು ಬಂತು. ಒಂದು ಮನೆಯಲ್ಲಿ ಇಬ್ಬರಿದ್ದರೆ ಬಾಡಿಗೆ ಉಳಿಯುತ್ತೆ ಅನ್ನೋದು ಅದರ ಹಿಂದಿನ ವಾದ ಇರಬಹುದು. ಆದರೆ ಇಬ್ಬರಿಗೂ ಬೇರೆ ಬೇರೆ ಔಷಧಿ, ಬೇರೆ ಬೇರೆ ಕುರ್ಚಿ. ಅದೇನು ಅರ್ಧ ಆಗುತ್ತಾ?

ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಹಾಸಿಗೆ, ಪಾಳಿ, ಸಲಹೆ, ಕಲಿಕೆ, ಇವಕ್ಕೆ ತೆರಿಗೆ ಹಣ ಹೋಗಬೇಕು. ಅದಕ್ಕೆ ನನ್ನ ತಕರಾರಿಲ್ಲ. ಮದುವೆಯಾದರೆ ಕಿತ್ತುಕೊಳ್ಳೋದಂತೂ ಅನ್ಯಾಯ. ಲೈಂಗಿಕ ಸೇವೆಯ ವಿಷಯದಲ್ಲಿ ಮಾತ್ರ ನನಗೆ ಈಗಲೂ ಮನಸ್ಸು ಒಪ್ಪುತ್ತಿಲ್ಲ ಅಕ್ಕ.

ರಾತ್ರಿಪಾಳಿ (ಮೆಲ್ಬರ್ನ್):

ನನಗೂ ಮೊದಲು ಒಪ್ಪಿರಲಿಲ್ಲ. ನಾನು ಬೆಳೆದ ಮನೆಯಲ್ಲಿ ಟೀವಿಯಲ್ಲಿ ಮುತ್ತಿನ ದೃಶ್ಯ ಬಂದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ಆದರೆ ಡಬ್ಲ್ಯು ಆರ್ ಎಂ ಎಫ್ ಅನ್ನುವ ಆ ಹೆಣ್ಣುಮಗಳನ್ನು ಯೋಚನೆ ಮಾಡಿ. ಸಂಗಾತಿ ಇಲ್ಲ. ಕಾಯಿಲೆ ದೇಹವನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿದೆ. ಸ್ವಂತ ಕೈಯಿಂದಲೂ ಏನೂ ಮಾಡಿಕೊಳ್ಳಲಾಗದ ಸ್ಥಿತಿ. ಅದನ್ನು ಅಪರಿಚಿತ ಅಧಿಕಾರಿಗಳ ಮುಂದೆ, ಆಮೇಲೆ ಜಡ್ಜ್‌ಗಳ ಮುಂದೆ ಬಿಡಿಸಿ ಹೇಳಬೇಕಾಯಿತು. ಎಷ್ಟು ಧೈರ್ಯ ಬೇಕು ಅದಕ್ಕೆ! ಎಲ್ಲರಿಗೂ ಕೊಡಿ ಅಂತ ನಾನೂ ಹೇಳಲ್ಲ. ಆದರೆ ಅಂಥವರು ಬಂದು ಕೇಳಿದಾಗ ಕೂರಿಸಿಕೊಂಡು ಕೇಳಿಸಿಕೊಳ್ಳಬೇಕು. ಪಟ್ಟಿ ಬಂದ ಮೇಲೆ ಅದೂ ಹೋಯಿತು.

2023ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನೇಮಿಸಿದ ವಿಚಾರಣಾ ಆಯೋಗ, ಇಲ್ಲಿನವರು ರಾಯಲ್ ಕಮಿಷನ್ ಅಂತಾರೆ, ಅಂಗವಿಕಲರ ಮೇಲಿನ ದೌರ್ಜನ್ಯದ ಬಗ್ಗೆ 12 ಸಂಪುಟದ ವರದಿ ಕೊಟ್ಟಿತು, 222 ಶಿಫಾರಸು. ನಾನು ಹೋಗುವಂಥ, ಕೆಲವು ಅಂಗವಿಕಲರು ಒಟ್ಟಿಗೆ ಇರುವ ಗ್ರೂಪ್ ಹೋಮ್‌ಗಳನ್ನು 15 ವರ್ಷದಲ್ಲಿ ಮುಚ್ಚಬೇಕು ಅಂತ ಕೆಲವು ಕಮಿಷನರ್‌ಗಳು ಹೇಳಿದರು, ಎಲ್ಲರೂ ಒಪ್ಪಲಿಲ್ಲ. ನಾನು ಹೋಗುವ ಮನೆಯವರಿಗೆ ಹದಿನೈದು ವರ್ಷ ಕಳೆದರೆ 53 ಆಗಿರುತ್ತೆ.

ಮಲ್ಲಿಗೆ ಬಳ್ಳಿ (ಮೈಸೂರು):

ಆ ಕಾರ್ಡ್ ಕಳಿಸಿಕೊಡಮ್ಮ. ದೊಡ್ಡ ಅಕ್ಷರದಲ್ಲಿ ಇರಲಿ. ಚಿತ್ರ ಬಣ್ಣದ್ದು ಇದ್ದರೆ ಅವಳು ಬೇಗ ಗುರುತು ಹಿಡಿಯುತ್ತಾಳೆ.

ರಾತ್ರಿಪಾಳಿ (ಮೆಲ್ಬರ್ನ್):

ಆರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಅಮ್ಮಾ, ಹದಿನೆಂಟು ಕಾರ್ಡ್ ಪೋಸ್ಟ್ ಮಾಡಿದ್ದೇನೆ, ತಲುಪಿದರೆ ಹೇಳಿ.

ಈಗ ನಾನು ಕೆಲಸಕ್ಕೆ ಹೋಗುವ ಮನೆಯ ವಿಷಯ. ದಿನನಿತ್ಯದ ಬದುಕಿಗೆ ಯಾವ ಸಾಧನ ಬೇಕು ಅಂತ ನೋಡುವ ಆಕ್ಯುಪೇಷನಲ್ ಥೆರಪಿಸ್ಟ್ ಬಂದು ಎರಡು ಗಂಟೆ ಕೂತು ಅವರ ಹಲಗೆ ಮಾತು ಪೂರ್ತಿ ಕೇಳಿಸಿಕೊಂಡು ವರದಿ ಬರೆದರು. ಅಗಲದ ಹಾಸಿಗೆಗೆ ಇನ್ನೂ ಉತ್ತರ ಬಂದಿಲ್ಲ. ಪಾಳಿ ಬದಲಾವಣೆಗೆ ಮಾತ್ರ ಎರಡೂ ಮನೆಯವರು ಒಪ್ಪಿದರು, ತಿಂಗಳಿಗೆ ಒಂದು ಶನಿವಾರ. ಸದ್ಯಕ್ಕೆ ಎರಡು ಒಂಟಿ ಮಂಚ ಜೋಡಿಸಿ, ನಡುವಿನ ಕಂಬಿ ಇಳಿಸಿ, ಸಂದಿಯಲ್ಲಿ ಸುತ್ತಿದ ರಗ್ಗು ತುಂಬಿದ್ದೇವೆ.

ನಿನ್ನೆ ಮೊದಲ ಶನಿವಾರ. ನಾನೂ ಆಕೆಯ ವರ್ಕರ್ ಕೂಡ ಸೇರಿ ಇಬ್ಬರನ್ನೂ ಮಲಗಿಸಿ, ಕರೆಗಂಟೆಯನ್ನು ಇಬ್ಬರ ನಡುವೆ ಇಟ್ಟು ಬಾಗಿಲು ಹಾಕಿಕೊಂಡು ಬಂದೆವು. ಗೋಡೆಯ ಪಾಳಿ ಪಟ್ಟಿಯಲ್ಲಿ ಭಾನುವಾರ ಬೆಳಿಗ್ಗೆ 7 ಅಂತ ಇದ್ದದ್ದನ್ನು ಹೊಡೆದುಹಾಕಿ 10 ಅಂತ ಬರೆದಿದ್ದೇವೆ.